ಎಮ್ಮಿಗನೂರಿನ ನಾಲ್ಕನೇ ಆಕ್ಸಲ್

ಕಂತು ೭

“ರೀ, ಒಳಗ ನಿದ್ದಿ ಹತ್ತೇತೇನು?”

ಗಾದಿಲಿಂಗಪ್ಪ ಟ್ರ್ಯಾಕ್ಟರಿನ ಕೆಳಗೆ ಅಂಗಾತ ಮಲಗಿದ್ದ. ಹೊರಗೆ ಕಾಣುತ್ತಿದ್ದದ್ದು ಅವನ ಎರಡು ಉದ್ದನೆಯ ಕಾಲು ಮತ್ತು ಮೊಣಕಾಲಿನ ತನಕ ಮಡಚಿದ ಖಾಕಿ ಪ್ಯಾಂಟು ಮಾತ್ರ. ಕಾಲುವೆಯ ಮೋರಿ ಕಟ್ಟೆಯ ಮೇಲೆ ಕೂತು ಹಸಿ ಶೇಂಗಾ ಸುಲಿಯುತ್ತಿದ್ದ ಅವನ ಹೆಂಡತಿ ಚೆನ್ನಬಸಮ್ಮ, ಗುರಿಯಿಟ್ಟು ಒಂದು ಸಿಪ್ಪೆಯನ್ನು ಆ ಕಾಲಿನ ಮೇಲೆ ಒಗೆದಳು.

“ನಿದ್ದಿ ಹತ್ತಿದ್ರ ಗೊರಕಿ ಕೇಳತಿತ್ತಲ್ಲ,” ಎಂಬ ದನಿ ಕೆಳಗಿನಿಂದ ಬಂತು.

“ಅದೂ ಖರೇನ. ಮೂವತ್ತೆರಡು ವರ್ಷದಿಂದ ಕೇಳಾಕ ಹತ್ತೀನಿ.”

ಪಕ್ಕದಲ್ಲಿ ನಿಂತಿದ್ದ ಸುಂಕಪ್ಪನಿಗೆ ನಗು ಬರಲಿಲ್ಲ. ಊರಿನ ಹಿರಿಯ ಅವನು. ಅಂಗಿಯ ಜೇಬಿನಲ್ಲಿ ನಾಲ್ಕು ಮಡಿಕೆಯ ಒಂದು ದೂರು ಅರ್ಜಿಯಿತ್ತು. ಅದರ ತುಂಬ ಹೆಬ್ಬೆಟ್ಟು, ಸಹಿ. ಸಾಯಂಕಾಲ ನಾಲ್ಕರ ಬಸ್ಸಿಗೆ ಕಂಪ್ಲಿಗೆ ಹೋಗಿ ಅದನ್ನು ಠಾಣೆಯಲ್ಲಿ ಕೊಡುವವನು. ಆಗ ಹೊತ್ತು ಹನ್ನೆರಡಾಗಿತ್ತು.

ಮೂರು ತಿಂಗಳಲ್ಲಿ ಎಮ್ಮಿಗನೂರಿನ ನಾಲ್ಕು ಸಣ್ಣ ಟ್ರ್ಯಾಕ್ಟರುಗಳ ಮುಂದಿನ ಆಕ್ಸಲ್ ಮುರಿದಿದ್ದವು. ಗಾದಿಲಿಂಗಪ್ಪ ಕೆಳಗೆ ಮಲಗಿದ್ದ ಈ ನಾಲ್ಕನೆಯದು ನಾಲ್ಕು ದಿನದ ಹಿಂದೆ ಕಬ್ಬಿನ ಟ್ರೇಲರ್ ಸಮೇತ ಸೇತುವೆಯ ಇಳಿಜಾರಿನಲ್ಲಿ ಕೆಸರಿಗೆ ಮಗುಚಿ, ಓಡಿಸುತ್ತಿದ್ದ ಮಾಲೀಕ ಹುಲುಗಪ್ಪನ ಕಾಲು ಮುರಿದು ತಲೆ ಒಡೆದಿತ್ತು. ಊರು ತಪ್ಪನ್ನೆಲ್ಲ ಮೆಕ್ಯಾನಿಕ್ ಮೂಕಣ್ಣನ ತಲೆಗೆ ಕಟ್ಟಿತ್ತು.

ಕಾಲುವೆ ನೀರು ಬಂದು ವರ್ಷಕ್ಕೆರಡು ಬೆಳೆ ಕಂಡ ಊರದು. ಕಳೆದ ದೀಪಾವಳಿಗೆ ಸುಂಕಪ್ಪನೂ ಹುಲುಗಪ್ಪನೂ ಸೇರಿ ನಾಲ್ಕು ಮನೆಯವರು ಒಟ್ಟಿಗೇ ಹೋಗಿ ಒಂದೇ ಕಂಪನಿಯ ನಾಲ್ಕು ಟ್ರ್ಯಾಕ್ಟರು ತಂದಿದ್ದರು. ಇಪ್ಪತ್ತೆರಡು ಹೆಚ್‌ಪಿಯ ಪುಟ್ಟ ಗಾಡಿ, ಆದರೆ ನಾಲ್ಕೂ ಗಾಲಿ ಎಳೆಯುತ್ತಿದ್ದವು. ದೊಡ್ಡ ಟ್ರ್ಯಾಕ್ಟರು ಹೂತು ಒದ್ದಾಡುವ ಭತ್ತದ ಕೆಸರಿನಲ್ಲಿ ಇವು ಕರುಗಳ ಹಾಗೆ ಓಡಾಡುವುದನ್ನು ನೋಡಿ ಊರವರು ಪ್ರೀತಿಯಿಂದ ‘ಮರಿ’ ಎಂದು ಹೆಸರಿಟ್ಟಿದ್ದರು. ಸಂಜೆ ಮನೆಗೆ ಬಂದ ಮರಿಯ ಮೈ ತೊಳೆಯದೆ ಯಾರೂ ಊಟಕ್ಕೆ ಕೂರುತ್ತಿರಲಿಲ್ಲ.

ಗಾದಿಲಿಂಗಪ್ಪ ಕೆಳಗಿನಿಂದ ತೆವಳಿ ಹೊರಬಂದ. ಹೊಸಪೇಟೆಯ ಡ್ಯಾಮ್ ವರ್ಕ್‌ಶಾಪಿನಲ್ಲಿ ಮೂವತ್ತು ವರ್ಷ ಫಿಟರ್ ಆಗಿ ನಿವೃತ್ತನಾದ ಮನುಷ್ಯ. ಸುತ್ತಮುತ್ತ ಎಲ್ಲಿ ಏನು ಮುರಿದರೂ, ಯಾಕೆ ಮುರಿಯಿತು ಎಂದು ಗೊತ್ತಾಗದಿದ್ದರೆ ಜನ ಅವನನ್ನು ಹುಡುಕಿಕೊಂಡು ಬರುತ್ತಿದ್ದರು. ಈ ಸಲ ಮಾತ್ರ ಯಾರೂ ಕರೆದಿರಲಿಲ್ಲ. ಮೂಕಣ್ಣ ಅವನ ಕೈಕೆಳಗೆ ಆರು ವರ್ಷ ಕೆಲಸ ಕಲಿತವನು, ಅವನ ಮನೆಯಲ್ಲೇ ಉಂಡು ಬೆಳೆದವನು. ಸುದ್ದಿ ಕಿವಿಗೆ ಬಿದ್ದ ಮರುದಿನವೇ ಗಂಡ ಹೆಂಡತಿ ಇಬ್ಬರೂ ಬಸ್ಸು ಹತ್ತಿದ್ದರು.

“ಸುಂಕಪ್ಪ, ಇಲ್ಲಿ ನೋಡ್ರಿ,” ಎಂದು ಅವನು ಅಂಗೈ ಮುಂದೆ ಮಾಡಿದ. ಅದರಲ್ಲಿ ಆಕ್ಸಲಿನೊಳಗಿನ ಎಣ್ಣೆಯಿತ್ತು. “ನೀರು ಸೇರಿದ್ರ ಎಣ್ಣಿ ಮಜ್ಜಿಗಿ ಬಣ್ಣ ಆಗತೈತಿ. ಇದು ನೋಡ್ರಿ, ಜೇನಿನ ಬಣ್ಣ. ಅಂದ್ರ ಸೀಲ್ ಹೋಗಿಲ್ಲ, ಕೆಸರು ಒಳಗ ಹೊಕ್ಕಿಲ್ಲ.”

“ಅದು ನಮಗೂ ಗೊತ್ತೈತ್ರಿ. ಗೇರ್ ಡೂಪ್ಲಿಕೇಟ್. ಫಸ್ಟ್ ಸರ್ವೀಸಿನಾಗ ಮೂಕಣ್ಣ ಕಂಪನಿ ಗೇರ್ ಬಿಚ್ಚಿ ಮಾರ್‍ಯಾನ, ಕಳಪಿ ಮಾಲು ಹಾಕ್ಯಾನ.”

ಗಾದಿಲಿಂಗಪ್ಪ ಮುರಿದ ಗೇರನ್ನು ಚಿಂದಿ ಬಟ್ಟೆಯಲ್ಲಿ ಒರೆಸಿದ. ಮೂರು ಹಲ್ಲು ಬುಡಸಮೇತ ಕಿತ್ತುಹೋಗಿದ್ದವು. ಮುರಿದ ಜಾಗ ಬೆಲ್ಲದ ಅಚ್ಚು ಒಡೆದ ಹಾಗೆ ಹರಳುಹರಳಾಗಿ ಹೊಳೆಯುತ್ತಿತ್ತು. ಚೀಲದಿಂದ ಕಬ್ಬಿಣ ಉಜ್ಜುವ ಅರ ತೆಗೆದು ಉಳಿದ ಹಲ್ಲುಗಳಲ್ಲಿ ಒಂದರ ಮೇಲೆ ಒತ್ತಿ ಎಳೆದ. ಅರ ಕಚ್ಚಲಿಲ್ಲ, ಜಾರಿತು. ಇನ್ನೊಮ್ಮೆ ಎಳೆದ. ಮತ್ತೆ ಜಾರಿತು.

“ಕಳಪಿ ಮಾಲಾಗಿದ್ರ ಅರ ಕಚ್ಚಿ ಪುಡಿ ಉದುರತಿತ್ತು. ಇದು ಹದ ಹಾಕಿದ ಉಕ್ಕು, ಕಂಪನಿದಽ. ನಿಮ್ಮ ಗಾಡಿದೂ, ಇನ್ನೆರಡರದೂ ನಿನ್ನೆ ನೋಡೀನಿ. ನಾಕೂ ಅಸಲಿ ಅದಾವ. ಮೂಕಣ್ಣ ಗೇರ್ ಬದಲಿ ಮಾಡಿಲ್ಲ.”

ಹೀಗೆಂದು ಅವನು ಸುಂಕಪ್ಪನ ಮುಖವನ್ನೇ ನೋಡಿದ. ಗಾಡಿ ಕಳೆದುಕೊಂಡವನು ಇಂಥ ಮಾತು ಕೇಳಿದರೆ ಸಿಟ್ಟಿಗೇಳಬೇಕು, ಇಲ್ಲವೇ ಹಾಗಾದರೆ ಮುರಿದದ್ದು ಯಾಕೆ ಎಂದು ಕೇಳಬೇಕು. ಸುಂಕಪ್ಪ ಎರಡೂ ಮಾಡಲಿಲ್ಲ. ಕಾಲುವೆಯ ನೀರನ್ನು ನೋಡುತ್ತ ನಿಂತ.

‘ಇವನಿಗೆ ಮೊದಲೇ ಗೊತ್ತು,’ ಎಂದುಕೊಂಡ ಗಾದಿಲಿಂಗಪ್ಪ. ಆದರೆ ಏನು ಗೊತ್ತು?

ಅವನು ಮುಂದಿನ ಟೈರಿನ ಹತ್ತಿರ ಕುಕ್ಕರಗಾಲಲ್ಲಿ ಕೂತ. ಮೊದಲ ಮೂರು ಗಾಡಿಗಳ ಮುಂದಿನ ಟೈರು ನುಣ್ಣಗೆ ಬೋಳಾಗಿದ್ದವು, ಹಿಂದಿನವು ಮಾತ್ರ ಹೊಸದರ ಹಾಗೇ ಇದ್ದವು. ಆಕ್ಸಲ್ ಯಾಕೆ ಮುರಿಯಿತೆಂದು ನಿನ್ನೆಯೇ ಅವನಿಗೆ ಹೊಳೆದಿತ್ತು. ಆದರೆ ಈ ನಾಲ್ಕನೆಯದರ ಮುಂದಿನ ಟೈರಿನಲ್ಲಿ ಗೀರು ಇನ್ನೂ ಆಳವಾಗಿತ್ತು. ತುದಿ ಮಾತ್ರ ಸವೆದಿತ್ತು, ಅದೂ ಇತ್ತೀಚೆಗೆ. ಇದ್ಯಾಕೆ ಹೀಗೆ ಎಂದು ಒಂದು ಗಳಿಗೆ ತಲೆ ಕೆರೆದುಕೊಂಡ. ಹುಲುಗಪ್ಪ ಗಾಡಿ ಕಡಿಮೆ ಓಡಿಸಿರಬೇಕು ಎಂದು ಬದಿಗಿಟ್ಟ. ಆಮೇಲೆ ಅದಕ್ಕಾಗಿ ತನ್ನನ್ನೇ ಬೈದುಕೊಂಡ.

“ಚೆನ್ನಿ, ಬಾ ಇಲ್ಲಿ.”

“ಶೇಂಗಾ?”

“ಶೇಂಗಾ ಓಡಿ ಹೋಗಂಗಿಲ್ಲ. ಬಾ.”

ಅವಳ ಕೈ ಹಿಡಿದು ಟಾರು ರಸ್ತೆಯ ಮೇಲೆ ನಡೆಸಿದ. ಅವನು ಆರಡಿಯ ಆಳು. ಚೆನ್ನಬಸಮ್ಮ ಅವನ ಭುಜಕ್ಕೂ ಬರುತ್ತಿರಲಿಲ್ಲ. ಅವನ ಒಂದು ಹೆಜ್ಜೆಗೆ ಅವಳದು ಒಂದೂವರೆ. ಹತ್ತು ಮಾರು ಹೋಗುವುದರೊಳಗೆ ಅವಳು ಕೈ ಕೊಸರಿಕೊಂಡಳು.

“ಎಳೀಬ್ಯಾಡ್ರೀ! ರಟ್ಟಿ ನೋಯತೈತಿ.”

“ಕೆಸರಗದ್ದ್ಯಾಗ ಹಿಂಗ ಹಿಡಕೊಂಡು ನಡದ್ರ?”

“ಅಲ್ಲಿ ಜಾರಕೊಂತ ಪಾರಕೊಂತ ಹೆಂಗೋ ಆಗತೈತಿ.”

“ಕೇಳಿದ್ರ್ಯಾ ಸುಂಕಪ್ಪ?” ಅವನು ತಿರುಗಿದ. “ಮರಿಗಾಡಿ ಮುಂದಿನ ಗಾಲಿ ಹಿಂದಿನದಕ್ಕಿಂತ ಒಂದು ಚೂರು ಮುಂದ ಓಡತಾವ. ಕಂಪನಿಯವರಽ ಹಂಗ ಮಾಡ್ಯಾರ. ಕೆಸರಾಗ ಆ ಚೂರು ಜಾರಿ ಹೋಗತೈತಿ. ಟಾರ್ ರೋಡಿನಾಗ ಜಾರಾಕ ಜಾಗಾ ಇಲ್ಲ. ಆ ಹಟ ಎಲ್ಲಾ ಗೇರಿನ ಹಲ್ಲಿಗೆ ಬೀಳತೈತಿ. ಅದಕ್ಕಽ ರೋಡಿಗೆ ಬಂದ ಕೂಡ್ಲೆ ಲಿವರ್ ಮ್ಯಾಲೆತ್ತಿ ಮುಂದಿನ ಗಾಲಿ ಬಿಡಿಸಬೇಕು. ನೀವು ಯಾರೂ ಬಿಡಿಸಿಲ್ಲ. ಕಂಪ್ಲಿ ತನಕ ಕಬ್ಬು ಹೊತಗೊಂಡು ನಾಕೂ ಗಾಲಿ ಎಳಕೊಂತ ಹೋಗೀರಿ.”

“ರೋಡಿಗೆ ಬಂದ ಕೂಡ್ಲೆ ನಾವು ತಪ್ಪದಂಗ ಲಿವರ್ ಎತ್ತತೀವ್ರಿ,” ಎಂದ ಸುಂಕಪ್ಪ.

ಅದೇ ಮಾತು. ನಿನ್ನೆ ಉಳಿದ ಇಬ್ಬರೂ ಹೇಳಿದ್ದು ಇದನ್ನೇ, ‘ತಪ್ಪದಂಗ’ ಎಂಬುದೂ ತಪ್ಪದ ಹಾಗೆ. ಮೂವರು ರೈತರು ಒಂದು ವಿಷಯವನ್ನು ಒಂದೇ ಮಾತಿನಲ್ಲಿ ಹೇಳಿದ್ದನ್ನು ಗಾದಿಲಿಂಗಪ್ಪ ತನ್ನ ಆಯುಷ್ಯದಲ್ಲಿ ಕೇಳಿರಲಿಲ್ಲ. ಮೂವರೂ ಕೂತು ಬಾಯಿಪಾಠ ಮಾಡಿದ್ದರು.

ಅಷ್ಟರಲ್ಲಿ ಚೆನ್ನಬಸಮ್ಮ ಕೈ ತೊಳೆಯಲು ಚೊಂಬಿನಲ್ಲಿ ಕಾಲುವೆ ನೀರು ತಂದವಳು ಸೀಟಿನ ಎಡಕ್ಕೆ ಬಗ್ಗಿ ನಿಂತಿದ್ದಳು.

“ರೀ, ಲಿವರಿಗೆ ಇದೇನು ಸುತ್ತೇತಿ?”

“ಹುಲ್ಲು. ಕೆಸರಾಗ ಮಗುಚಿದ ಗಾಡಿ ಅಲ್ಲೇನು?”

“ನಿಮ್ಮ ಕಣ್ಣಿಗೆ ಕಬ್ಬಿಣ ಬಿಟ್ರ ಬ್ಯಾರೆ ಏನೂ ಕಾಣಂಗಿಲ್ಲ.” ಅವಳು ಅದರ ಮೇಲೆ ನೀರು ಸುರಿದಳು. ಕೆಸರು ಇಳಿದ ಕಡೆ ಹಳದಿ ಕಂಡಿತು, ಹಳದಿಯ ನಡುವೆ ಕೆಂಪು. “ಇದು ಹುಲ್ಲಲ್ರೀ. ಅರಿಷಿಣದ ದಾರ. ಲಿವರಿಗೂ ಪಕ್ಕದ ಪಟ್ಟಿಗೂ ಕೂಡಿಸಿ ಕಟ್ಟ್ಯಾರ.”

ಗಾದಿಲಿಂಗಪ್ಪ ಬಗ್ಗಿ ನೋಡಿದ. ದಾರ ಲಿವರನ್ನು ಕೆಳಕ್ಕೇ ಹಿಡಿದಿತ್ತು. ಎಳೆದರೆ ಕಿತ್ತು ಬರುವ ನೂಲು, ಕಬ್ಬಿಣವನ್ನು ತಡೆಯುವ ಶಕ್ತಿ ಅದಕ್ಕಿಲ್ಲ. ಆದರೆ ದೇವರ ಹೆಸರಿನಲ್ಲಿ ಕಟ್ಟಿದ ದಾರವನ್ನು ಎಳೆದು ಹರಿಯುವ ಗಂಡಸು ಈ ಸೀಮೆಯಲ್ಲಿ ಎಲ್ಲಿದ್ದಾನೆ?

ಸುಂಕಪ್ಪ ಹೋಗಿ ಮೋರಿ ಕಟ್ಟೆಯ ಮೇಲೆ ಕೂತ.

“ದೊಡ್ಡವ್ವ ಕಟ್ಟಿದ್ದು,” ಎಂದ, ಬಹಳ ಸಣ್ಣ ದನಿಯಲ್ಲಿ.

ದೊಡ್ಡವ್ವ ಎಂದರೆ ವಿರುಪಮ್ಮ, ಆಸ್ಪತ್ರೆಯಲ್ಲಿ ಮಲಗಿರುವ ಹುಲುಗಪ್ಪನ ತಾಯಿ. ಎಂಬತ್ತು ದಾಟಿದ ಮುದುಕಿ. ಎಮ್ಮಿಗನೂರಿನ ಅರ್ಧ ಊರು ಅವಳ ಕೈಯಲ್ಲೇ ಹೊಕ್ಕುಳಬಳ್ಳಿ ಕೊಯ್ಯಿಸಿಕೊಂಡು ಭೂಮಿಗೆ ಬಂದಿತ್ತು, ಸುಂಕಪ್ಪನೂ ಅದರಲ್ಲೊಬ್ಬ.

“ಕಾಲುವಿ ಹೊಸದಾಗಿ ಬಂದಾಗ ಬೀಳು ಭೂಮಿ ಒಡಿಯಾಕ ನಾಕು ಎತ್ತು ಹೂಡತಿದ್ವಿ,” ಎಂದು ಸುಂಕಪ್ಪ ಹೇಳತೊಡಗಿದ. “ನಾಕೂ ಒಂದಾಗಿ ಎಳೀಲಿ ಅಂತ ದೊಡ್ಡವ್ವ ಕೋಡಿನಿಂದ ಕೋಡಿಗೆ ದಾರ ಕಟ್ಟಾಕಿ. ಕಟ್ಟಿದಾಕಿನಽ ಬಿಚ್ಚಬೇಕು, ಇಲ್ಲಾ ತಾನಾಗಿ ಉದುರಬೇಕು. ನಾವು ಮುಟ್ಟಂಗಿಲ್ಲ. ಮರಿಗಾಡಿ ತಂದಾಗ ಬಂದು ಕೇಳಿದ್ಲು, ನಾಕು ಗಾಲೀನೂ ಕೂಡಸೂದು ಯಾವುದಪಾ ಅಂತ. ಲಿವರ್ ತೋರಿಸಿದ್ವಿ.”

“ಆಕಿ ಕೂಡಿಸಿ ಕಟ್ಟಿದ್ಲು.”

“ಹೂಂ. ಹುಲುಗಪ್ಪ ಬಿದ್ದ ಸಂಜೀಕ ನನ್ನ ಮಗಳು ಕಂಪನಿ ಪುಸ್ತಕ ಓದಿ ಹೇಳಿದ್ಲು. ಆವಾಗ ನಮಗ ತಿಳೀತು. ಅದಕ್ಕಿಂತ ಮದಲ ಖರೇನ ಗೊತ್ತಿರಲಿಲ್ರಿ.” ಅವನ ಕಣ್ಣು ಒದ್ದೆಯಾಗಿತ್ತು. “ಮಗ ಅಲ್ಲಿ ಎಚ್ಚರಿಲ್ದ ಬಿದ್ದಾನ. ನೀ ಕಟ್ಟಿದ ದಾರದಿಂದಽ ಹಿಂಗಾತು ಅಂದ್ರ ಮುದುಕಿ ಎದಿ ಒಡಕೊಂಡು ಸಾಯತಾಳ್ರಿ.”

“ಅದಕ್ಕ ಮೂಕಣ್ಣನ ಎದಿ ಒಡದ್ರ ನಡೀತೈತಿ?”

“ಅವ ಸಂಡೂರು ಕಡೆಯಾವ, ಹೊರಗಿನಾವ. ಬ್ಯಾರೆ ಊರಾಗ ಷೆಡ್ ಹಾಕ್ಕೊಂತಾನ ಅಂತ...”

“ಠಾಣೆ ಮೆಟ್ಟಿಲು ಹತ್ತಿದ ಮೆಕ್ಯಾನಿಕ್ ಕೈಯಾಗ ಯಾವ ಊರಾಗ ಯಾರು ಗಾಡಿ ಬಿಡತಾರ? ಅವನ ಕೈ ಕಡದು ಕಳಿಸಿದಂಗ ಸುಂಕಪ್ಪ. ಆ ಕೈಗೆ ಪಾನಾ ಹಿಡಿಯಾಕ ಕಲಿಸಿದಾವ ನಾನು.”

ಸುಂಕಪ್ಪ ಜೇಬಿನಿಂದ ಅರ್ಜಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡ.

“ಇದನ್ನ ಹರೀತೀನಿ. ಆದ್ರ ದೊಡ್ಡವ್ವಗ ನೀವಽ ಹೇಳಬೇಕು. ನನ್ನ ಬಾಯಿಂದ ಆಗಂಗಿಲ್ಲ. ನಾಕರ ಬಸ್ಸು ಬರೂದ್ರಾಗ ಆಕಿ ಊರ ಕಟ್ಟೀಗೆ ಬಂದು ನಿಂತು ದಾರ ನಂದು ಅಂದ್ರ ಸಾಕು. ಇಲ್ಲಂದ್ರ ಸಹಿ ಹಾಕಿದ ಮಂದಿ ನನ್ನ ಮಾತೂ ಕೇಳಂಗಿಲ್ಲ.”

ಗಾದಿಲಿಂಗಪ್ಪ ಲಿವರಿನ ತುದಿಯ ಗುಂಡು ತಿರುವಿ ಬಿಚ್ಚಿದ, ಪಟ್ಟಿಯ ಬೋಲ್ಟು ತೆಗೆದ, ದಾರವನ್ನು ಗಂಟು ಬಿಚ್ಚದೆ ಹಾಗೇ ಕಳಚಿದ. ಗಂಟಿನ ಸುತ್ತ ಇನ್ನೂ ಕೆಸರು ಗಟ್ಟಿಯಾಗಿ ಅಂಟಿತ್ತು. ಒಂದು ಕಾಗದದಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡ.

*

ವಿರುಪಮ್ಮನ ಮನೆಯ ಬಾಗಿಲು ತೆರೆದೇ ಇತ್ತು. ಅಂಗಳದ ಒಲೆಯ ಮುಂದೆ ಕೂತು ಅವಳು ಜೋಳದ ರೊಟ್ಟಿ ಬಡಿಯುತ್ತಿದ್ದಳು. ಬಡಿಯುವ ಸದ್ದು ಓಣಿಯ ತಿರುವಿನಿಂದಲೇ ಕೇಳಿತ್ತು.

“ಬರ್ರಿ ಬರ್ರಿ, ಕುಂದ್ರಿ. ಚೆನ್ನಬಸವ್ವ, ಆ ಗಡಿಗ್ಯಾಗ ತಣ್ಣೀರು ಅದಾವ, ಕುಡಿ ತಾಯಿ. ತಮ್ಮಾ, ನೀ ಅಲ್ಲಿ ಬಿಸಲಾಗ ಕುಂದರಬ್ಯಾಡ. ಊಟ ಮಾಡೀರೋ ಇಲ್ಲೋ? ಮಾಡಿದ್ರೂ ಇನ್ನೊಂದು ರೊಟ್ಟಿ ಹಿಡಸತೈತಿ.”

ಬೇಡ ಎನ್ನುವುದರೊಳಗೆ ಇಬ್ಬರ ಮುಂದೆಯೂ ತಾಟು ಬಂತು. ಬಿಸಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಮೇಲೆ ಒಂದು ಮುಷ್ಟಿ ಶೇಂಗಾಪುಡಿ. ಮೂವತ್ತು ವರ್ಷ ಡ್ಯಾಮಿನ ಗೇಟುಗಳ ಹಲ್ಲು ಬಿಡಿಸಿದ ಗಾದಿಲಿಂಗಪ್ಪ ರೊಟ್ಟಿ ಮುರಿಯದೆ ಕೂತ. ಮುದುಕಿ ಅವನನ್ನು ನೋಡುತ್ತಿದ್ದ ಪರಿಗೆ ಅವನಿಗೆ ತನ್ನ ತಾಯಿ ಕಣ್ಣ ಮುಂದೆ ಬಂದಳು. ಹೇಳದೆ ಎದ್ದು ಹೋಗಿಬಿಡಲೇ ಎನ್ನಿಸಿತು. ಆದರೆ ಮೂಕಣ್ಣನ ಬೀಗ ಹಾಕಿದ ಷೆಡ್ಡೂ ಕಣ್ಣ ಮುಂದೆ ಬಂತು.

ಚೆನ್ನಬಸಮ್ಮ ಮೊಣಕೈಯಿಂದ ತಿವಿದಳು.

“ದೊಡ್ಡವ್ವಾ,” ಎಂದ. “ಮರಿಗಾಡಿಗೆ ದಾರ ಕಟ್ಟಿದ್ದು ನೀನಽ ಏನು?”

“ನಾನಽ ಮತ್ತ! ನಾ ಕಟ್ಟಲಾರದ ಈ ಊರಾಗ ಏನು ಓಡೇತಿ?” ಮುದುಕಿಯ ಮುಖ ಅರಳಿತು. “ಒಂಬತ್ತು ಎಳಿ ನೂಲು, ಒಂದೊಂದು ಗಾಲಿಗೆ ಒಂದೊಂದು ಗಂಟು, ಸಾಲಾಗಿ ನಾಕು ಗಂಟು. ನಾಕೂ ಕೂಡಿ ಬಾಳ್ರೆಪಾ ಅಂತ ಹೇಳಿ ಕಟ್ಟೀನಿ. ಪಾಪ, ಒಂದೊಂದು ಗಾಡಿ ಮುರದ ದಿನಾನೂ ನಾನಽ ಹೋಗಿ ಬಿಚ್ಚಿ ಕಾಲುವಿಗೆ ಬಿಟ್ಟು ಬಂದೆ. ಆ ದಾರಕ್ಕ ಶಕ್ತಿ ಸಾಲಲಿಲ್ಲ ಅಂತ ಅತ್ತೆ ನೋಡು.”

ಇನ್ನು ತಡೆದರೆ ತನ್ನಿಂದ ಆಗುವುದಿಲ್ಲ ಎಂದು ಗಾದಿಲಿಂಗಪ್ಪ ಹೇಳಿಯೇಬಿಟ್ಟ. ಕೆಸರಿನಲ್ಲಿ ಕೂಡಬೇಕಾದ ಗಾಲಿಗಳು ರಸ್ತೆಯಲ್ಲಿ ಬಿಡಬೇಕು ಎಂದ. ದಾರವಿದ್ದದ್ದಕ್ಕೆ ಯಾರೂ ಬಿಡಿಸಲಿಲ್ಲ ಎಂದ. ಹುಡುಗರ ತಪ್ಪಿಲ್ಲ, ನಿನ್ನ ತಪ್ಪೂ ಇಲ್ಲ, ಗೊತ್ತಿರಲಿಲ್ಲ ಅಷ್ಟೆ ಎಂದ. ಎರಡೆರಡು ಸಲ ಎಂದ.

ಒಲೆಯ ಮೇಲಿನ ರೊಟ್ಟಿ ಸೀದ ವಾಸನೆ ಬಂತು. ಚೆನ್ನಬಸಮ್ಮ ಎದ್ದು ಅದನ್ನು ತೆಗೆದಳು.

“ಹಂಗಾದ್ರ ಆ ಗಾಡಿ ನಾನಽ ಮುರದೆ,” ಎಂದಳು ವಿರುಪಮ್ಮ.

“ಹಂಗಲ್ಲ ದೊಡ್ಡವ್ವಾ...”

“ಹಂಗಽ. ನೀ ಹೇಳಿದ್ದು ನನಗ ತಿಳೀತು ತಮ್ಮಾ, ನಾ ಏನು ದಡ್ಡಿ ಅಲ್ಲ.” ಅವಳು ಹಿಟ್ಟಿನ ಕೈಯಿಂದಲೇ ಕಣ್ಣೊರೆಸಿಕೊಂಡಳು. “ಆ ಮೂಕಣ್ಣ ದಿನಾ ಬಂದು ನನ್ನ ಮುಂದ ಕುಂದರತಾನ. ಊರು ಬೈತೈತಿ, ನಾನೂ ಒಂದು ದಿನ ಬೈದೆ, ಯಾಕಪಾ ಹಿಂಗ ಮಾಡಿದಿ ಅಂದೆ. ನಕ್ಕು ಸುಮ್ಮನಾದ. ತಾಯಿ ಇಲ್ಲದ ಕೂಸು. ನಡೀರಿ, ಈಗಽ ಕಟ್ಟೀಗೆ ಹೋಗೂಣು. ನಂದು ತಪ್ಪು ಅಂತ ಊರ ಮುಂದ ಹೇಳತೀನಿ.”

ಎದೆ ಒಡೆದುಕೊಂಡು ಸಾಯುತ್ತಾಳೆಂದು ಊರು ಹೆದರಿದ್ದ ಮುದುಕಿ ಸೆರಗು ಸರಿಮಾಡಿಕೊಂಡು ಎದ್ದು ನಿಂತಳು. ಗಾದಿಲಿಂಗಪ್ಪನಿಗೆ ಅವಳ ಕಾಲಿಗೆ ಬೀಳಬೇಕೆನಿಸಿತು. ರೊಟ್ಟಿಯ ಮೊದಲ ತುತ್ತನ್ನು ಆಗ ಮುರಿದು ಬಾಯಿಗಿಟ್ಟ. ಮೂಕಣ್ಣ ಉಳಿದ, ಎಂದುಕೊಂಡ.

“ಗಾಡಿ ಮಾಲಕರನ್ನ ಕರಿಸು,” ಎಂದ ಹೆಂಡತಿಗೆ. “ನಾಕು ದಾರದ್ದೂ ದೊಡ್ಡವ್ವನಽ ಹೇಳತಾಳ.”

ವಿರುಪಮ್ಮ ಬಾಗಿಲ ಹತ್ತಿರ ನಿಂತುಬಿಟ್ಟಳು.

“ನಾಕು ಎಲ್ಲಿಂದ ಬಂದ್ವು ತಮ್ಮಾ? ನಾ ಕಟ್ಟಿದ್ದು ಮೂರು.”

“ಹುಲುಗಪ್ಪಂದು?”

“ಸ್ವಂತ ಮನಿ ಎತ್ತಿಗೆ ಸ್ವಂತ ಕೈಲೆ ಯಾರಾರ ಕಟ್ಟತಾರೇನು? ಬ್ಯಾರೆ ಮನ್ಯಾಕಿ ಬಂದು ಕಟ್ಟಬೇಕು. ನನ್ನ ಸರೀಕರು ಊರಾಗ ಯಾರೂ ಉಳದಿಲ್ಲ. ಹುಲುಗನ ಗಾಡಿಗೆ ದಾರನಽ ಇರಲಿಲ್ಲ. ಅದಕ್ಕಽ ಅದೊಂದು ಮೂರು ತಿಂಗಳು ನೆಟ್ಟಗ ಓಡಿತ್ತು, ಈಗ ಗೊತ್ತಾತು ನೋಡು.”

ಗಾದಿಲಿಂಗಪ್ಪ ತಾಟಿನಲ್ಲಿ ಕೈ ತೊಳೆದ. ಆ ಟೈರು! ಮೂರು ಗಾಡಿಯ ಟೈರು ಬೋಳಾಗಿ, ನಾಲ್ಕನೆಯದು ಮಾತ್ರ ತುದಿ ಸವೆದದ್ದು ಯಾಕೆ ಎಂದು ಈಗ ತಿಳಿಯಿತು. ಆ ಗಾಡಿಯ ಲಿವರಿಗೆ ದಾರ ಬಿದ್ದು ಹತ್ತು ಹನ್ನೆರಡು ದಿನಕ್ಕಿಂತ ಹೆಚ್ಚಾಗಿಲ್ಲ. ಒಂದು ದಿನ ಬೆಳಿಗ್ಗೆ ಹುಲುಗಪ್ಪ ಬಂದು ನೋಡಿದ್ದಾನೆ, ದಾರ ಇದೆ. ಅವ್ವ ಕೊನೆಗೂ ಕಟ್ಟಿದಳು ಎಂದು ಖುಷಿಪಟ್ಟು ಕೈ ಮುಗಿದು ಗಾಡಿ ಹತ್ತಿದ್ದಾನೆ. ಅದು ಯಾವ ದಿನ, ಹಿಂದಿನ ದಿನ ಗಾಡಿ ಯಾರ ಕೈಯಲ್ಲಿತ್ತು ಎಂದು ಹೇಳಬಲ್ಲವನು ಅವನೊಬ್ಬನೇ.

ಮೂರು ಆಕ್ಸಲ್ ಮುರಿದದ್ದು ಮುದುಕಿಯ ಪ್ರೀತಿ. ನಾಲ್ಕನೆಯದು ಮುರಿಯಲೆಂದೇ ಕಟ್ಟಿದ್ದು.

ಹಾಗೆ ಕಟ್ಟಿದವನಿಗೆ ಎರಡು ಸಂಗತಿ ಗೊತ್ತಿರಬೇಕು. ಈ ಊರಿನಲ್ಲಿ ದಾರ ಯಾರೂ ಹರಿಯುವುದಿಲ್ಲ ಎಂಬುದು ಒಂದು. ಅದು ಎಲ್ಲರಿಗೂ ಗೊತ್ತು. ಲಿವರ್ ಇಳಿದೇ ಇದ್ದರೆ ಆಕ್ಸಲ್ ಏನಾಗುತ್ತದೆ ಎಂಬುದು ಇನ್ನೊಂದು. ಹನ್ನೆರಡು ದಿನದ ಹಿಂದೆ ಅದು ಸುಂಕಪ್ಪನಿಗೂ ಗೊತ್ತಿರಲಿಲ್ಲ, ಊರಿನ ಯಾವ ರೈತನಿಗೂ ಗೊತ್ತಿರಲಿಲ್ಲ.

ಅವನು ಜೇಬಿನಿಂದ ಕಾಗದದ ಪೊಟ್ಟಣ ತೆಗೆದ. ವಿರುಪಮ್ಮ ದಾರವನ್ನು ಕೈಗೆ ತೆಗೆದುಕೊಂಡು, ಚೊಂಬಿನ ನೀರಿನಲ್ಲಿ ಅದ್ದಿ, ಬಾಣಂತಿಯರ ಕೂಸು ತೊಳೆದ ಆ ಬೆರಳುಗಳಿಂದ ಮೆಲ್ಲಗೆ ಉಜ್ಜಿದಳು. ಕೆಸರು ಬಿಟ್ಟಿತು.

“ನೋಡು, ನಂದಲ್ಲ. ಇದರಾಗ ಒಂದಽ ಗಂಟು ಐತಿ. ಇಂಥಾ ಗಂಟು ನಾ ಕಂಡಽ ಇಲ್ಲ.”

ಗಾದಿಲಿಂಗಪ್ಪ ಕಂಡಿದ್ದ. ದಾರವನ್ನು ಅವಳಿಂದ ಅಂಗೈಗೆ ತೆಗೆದುಕೊಂಡ.

ಎರಡು ಸುತ್ತು, ಮೂರನೆಯದು ಎಡಗಡೆಯಿಂದ ಹಿಂದಕ್ಕೆ ನುಸುಳಿ ಬರುವ ಗಂಟು. ಎಳೆದಷ್ಟೂ ಬಿಗಿಯುತ್ತದೆ. ಡ್ಯಾಮಿನ ಗೇಟಿಗೆ ಹಗ್ಗ ಕಟ್ಟುತ್ತಿದ್ದ ಖಲಾಸಿ ಓಬಳಪ್ಪನದು. ಅವನ ಬಲಗೈ ಹೆಬ್ಬೆರಳು ರಾಟೆಗೆ ಸಿಕ್ಕಿ ಹೋಗಿತ್ತು, ಹಾಗಾಗಿ ಎಲ್ಲ ಗಂಟನ್ನೂ ಎಡಗಡೆಯಿಂದ ತಿರುಗಿಸಿ ಹಾಕುತ್ತಿದ್ದ. ಅದನ್ನು ಅವನು ಕಲಿಸಿದ್ದು ಒಬ್ಬನೇ ಒಬ್ಬ ಶಿಷ್ಯನಿಗೆ, ಗಾದಿಲಿಂಗಪ್ಪನಿಗೆ. ಓಬಳಪ್ಪ ತೀರಿಕೊಂಡು ಹದಿನಾಲ್ಕು ವರ್ಷವಾಗಿತ್ತು. ಗಾದಿಲಿಂಗಪ್ಪನೂ ಅದನ್ನು ಕಲಿಸಿದ್ದು ಒಬ್ಬನಿಗೇ. ವರ್ಕ್‌ಶಾಪಿನ ಹಿಂದಿನ ಬೇವಿನ ಮರದ ಕೆಳಗೆ, ನಗುತ್ತ, ಬೆರಳು ಹಿಡಿದು ತಿದ್ದಿ ಕಲಿಸಿದ್ದ.

“ಏನ್ರೀ?” ಚೆನ್ನಬಸಮ್ಮ ಹತ್ತಿರ ಬಂದಳು. “ಮಾರಿ ಯಾಕ ಹಿಂಗಾತು? ಯಾರದೈತಿ ಗಂಟು?”

“ಗೊತ್ತಿಲ್ಲ,” ಎಂದ.

ಮೂವತ್ತೆರಡು ವರ್ಷದ ಸಂಸಾರದಲ್ಲಿ ಅವಳಿಗೆ ಹೇಳಿದ ಮೊದಲ ಸುಳ್ಳು ಅದು. ಅದು ಸುಳ್ಳೆಂದು ಅವಳಿಗೆ ಅದೇ ಗಳಿಗೆಯಲ್ಲಿ ತಿಳಿಯಿತು.

ಹೊರಗೆ ಸೈಕಲ್ ಸ್ಟ್ಯಾಂಡ್ ಹಾಕಿದ ಸದ್ದಾಯಿತು. ಬಾಗಿಲು ತುಂಬಿ ನಿಂತವನು ಮೂಕಣ್ಣ. ಎಣ್ಣೆ ಕಲೆಯ ಅಂಗಿ, ಮೂರು ದಿನದ ಗಡ್ಡ, ಆದರೂ ಮೇಸ್ತ್ರಿಯನ್ನು ಕಂಡ ಕೂಡಲೇ ಮುಖದ ತುಂಬ ಅದೇ ನಗು.

“ಮೇಸ್ತ್ರಿ, ನೀವಿಲ್ಲೇ ಅದೀರಿ!” ಎಂದ. “ದೊಡ್ಡವ್ವಾ, ಬುತ್ತಿ ಆತೇನು? ಮೂರರ ಬಸ್ಸಿಗೆ ಹೊಸಪೇಟಿಗೆ ಹೊಂಟೀನಿ. ಹುಲುಗಪ್ಪಗ ಎಚ್ಚರಾಗೇತಂತ. ಇವತ್ತು ಮಾತಾಡತಾನ ಅಂತ ನರ್ಸಮ್ಮ ಹೇಳಿ ಕಳಿಸ್ಯಾಳ.”

ವಿರುಪಮ್ಮ ‘ಯಪ್ಪಾ, ದೇವರು ದೊಡ್ಡಾವ’ ಎಂದು ಎರಡೂ ಕೈ ಮುಗಿದಳು. ಅಳುತ್ತ, ನಗುತ್ತ, ರೊಟ್ಟಿಗಳನ್ನು ಬಟ್ಟೆಯಲ್ಲಿ ಸುತ್ತಿ ಗಂಟು ಕಟ್ಟಿ ಅವನ ಕೈಗೆ ಕೊಟ್ಟಳು. ನೀನು ಉಂಡೇ ಹೋಗು ಎಂದು ಅವನ ಗಲ್ಲ ಸವರಿದಳು.

ಗಾದಿಲಿಂಗಪ್ಪ ಮುಷ್ಟಿ ಮುಚ್ಚಿದ. ಮುಚ್ಚುವುದು ಒಂದು ಗಳಿಗೆ ತಡವಾಯಿತು. ಬೆರಳುಗಳ ಸಂದಿಯಿಂದ ಹಳದಿ ದಾರದ ಒಂದು ತುದಿ, ನೀರು ತೊಟ್ಟಿಕ್ಕುತ್ತ ಹೊರಗೇ ಉಳಿದಿತ್ತು.

ಮೂಕಣ್ಣ ಅದನ್ನು ನೋಡಿದ. ನೋಡಿದ್ದನ್ನು ಗಾದಿಲಿಂಗಪ್ಪನೂ ನೋಡಿದ.

ವರ್ಕ್‌ಶಾಪಿನಲ್ಲಿದ್ದ ಆರು ವರ್ಷವೂ ಮೇಸ್ತ್ರಿಯ ಕೈಯಲ್ಲಿ ಒಂದು ನಟ್ಟು ಕಂಡರೂ ಇದೇನು, ಯಾವುದರದು ಎಂದು ಜೀವ ತಿನ್ನುತ್ತಿದ್ದ ಹುಡುಗ ಇವತ್ತು ಏನನ್ನೂ ಕೇಳಲಿಲ್ಲ. ಬುತ್ತಿಯನ್ನು ಹೆಗಲಿಗೇರಿಸಿಕೊಂಡು, “ಬಸ್ಸಿಗೆ ಹೊತ್ತಾತು, ಬರತೀನ್ರಿ ಮೇಸ್ತ್ರಿ,” ಎಂದು ಹೊರಟ.